ಹಳೇ ಹಾಲ್ ಉಳಿಸಲು ಗ್ರೀನ್ ಬೆಲ್ಟ್‌ನಲ್ಲಿ ಮನೆಗಳು: ಲೆಕ್ಕದಲ್ಲಿ ಏನು ನೋಡಬೇಕು?

ಪ್ರಶ್ನೆ: ಇಂಗ್ಲೆಂಡಿನ ಉತ್ತರ ಭಾಗದ ಒಂದು ಹಳ್ಳಿಯಲ್ಲಿ ನೆಲೆಸಿರುವ ಕನ್ನಡಿಗರು ನಾವು. ಊರಂಚಿನಲ್ಲಿ 18ನೇ ಶತಮಾನದ ದೊಡ್ಡ ಹಾಲ್, ಅಂದರೆ ಜಮೀನ್ದಾರಿ ಬಂಗಲೆ, ಒಂದಿದೆ. ಪಾರಂಪರಿಕ ಕಟ್ಟಡಗಳ ರಾಷ್ಟ್ರೀಯ ಪಟ್ಟಿಯಲ್ಲಿ ಗ್ರೇಡ್ 2 ಸ್ಟಾರ್ (ಗ್ರೇಡ್ 1ರ ನಂತರದ ದರ್ಜೆ) ಪಡೆದ ಕಟ್ಟಡ, ಚಾವಣಿ ಸೋರುತ್ತಿದೆ. ರಿಪೇರಿಗೆ ಹಣ ಹೊಂದಿಸಲು ಪಕ್ಕದ ಗ್ರೀನ್ ಬೆಲ್ಟ್ (ಊರುಗಳು ಹರಡದಂತೆ ಕಾಯ್ದಿಟ್ಟ ಬಯಲು) ಹೊಲದಲ್ಲಿ ಸುಮಾರು 200 ಮನೆ ಕಟ್ಟುತ್ತೇವೆಂದು ಮಾಲೀಕರು ಅರ್ಜಿ ಹಾಕಿದ್ದಾರೆ. ರಕ್ಷಿತ ಜಾಗದಲ್ಲಿ ಹೀಗೆ ಕಟ್ಟಲು ಕಾನೂನಿನಲ್ಲಿ ಅವಕಾಶ ಇದೆಯೇ? ಅಭಿಪ್ರಾಯ ಬರೆಯುವುದಾದರೆ ಯಾವ ಅಂಶ ಹಿಡಿಯಬೇಕು? ನಮ್ಮ ಕರ್ನಾಟಕದಲ್ಲೂ ಇಂಥ ವ್ಯವಸ್ಥೆ ಇದೆಯೇ?

ಉತ್ತರ: ಅವಕಾಶ ಇದೆ. ಅಲ್ಲಿ ಇದಕ್ಕೆ ಎನೇಬ್ಲಿಂಗ್ ಡೆವಲಪ್‌ಮೆಂಟ್ ಎನ್ನುತ್ತಾರೆ. ಸಾಮಾನ್ಯ ನಿಯಮದಂತೆ ಅನುಮತಿ ಸಿಗದ ಕಟ್ಟಡ ಕಾಮಗಾರಿಗೆ, ಅದರ ಲಾಭದಿಂದ ಒಂದು ಪಾರಂಪರಿಕ ಆಸ್ತಿ ಉಳಿಯುತ್ತದೆ ಎಂಬ ಒಂದೇ ಕಾರಣಕ್ಕೆ ಅನುಮತಿ ಕೊಡುವುದು. ಹಣಕಾಸಿನ ಕಾರಣವನ್ನು ಪ್ಲಾನಿಂಗ್ ನಿರ್ಧಾರದಲ್ಲಿ ಪರಿಗಣಿಸಬಹುದೇ ಎಂಬ ಪ್ರಶ್ನೆ ಲಂಡನ್ನಿನ ಕೋವೆಂಟ್ ಗಾರ್ಡನ್ನಿನ ರಾಯಲ್ ಒಪೆರಾ ಹೌಸ್ ಪ್ರಕರಣದಲ್ಲಿ ಬಂದಿತ್ತು. ರಂಗಮಂದಿರದ ಸುಧಾರಣೆಗೆ ಹಣ ಹುಟ್ಟಿಸಲು ಪಕ್ಕದಲ್ಲಿ ಕಚೇರಿ ಕಟ್ಟಡಗಳಿಗೆ ವೆಸ್ಟ್‌ಮಿನ್‌ಸ್ಟರ್ ಕೌನ್ಸಿಲ್ (ಸ್ಥಳೀಯ ಆಡಳಿತ) ಅನುಮತಿ ಕೊಟ್ಟಿತು, ನಿವಾಸಿಗಳು ಕೋರ್ಟಿಗೆ ಹೋದರು, ಮೇಲ್ಮನವಿ ನ್ಯಾಯಾಲಯ ಕೌನ್ಸಿಲ್ ಪರ ತೀರ್ಪು ಕೊಟ್ಟಿತು. ಇಂದು ರಾಷ್ಟ್ರೀಯ ಪ್ಲಾನಿಂಗ್ ನೀತಿಯ 2024ರ ಡಿಸೆಂಬರ್ ಆವೃತ್ತಿಯಲ್ಲಿ ಇದಕ್ಕೆಂದೇ 221ನೇ ಪ್ಯಾರಾ ಇದೆ. ನಿಯಮ ಮುರಿಯುವುದರಿಂದ ಆಗುವ ನಷ್ಟಕ್ಕಿಂತ ಕಟ್ಟಡ ಉಳಿಯುವುದರ ಲಾಭ ಹೆಚ್ಚೇ ಎಂದು ಕೌನ್ಸಿಲ್ ತೂಗಿ ನೋಡಬೇಕು, ಅಷ್ಟೇ ಅದರ ಸಾರ. ತೂಗುವುದು ಹೇಗೆ ಎಂಬುದು ಪಾರಂಪರಿಕ ಕಟ್ಟಡಗಳ ಬಗ್ಗೆ ಸರ್ಕಾರಕ್ಕೆ ಸಲಹೆ ಕೊಡುವ ಹಿಸ್ಟಾರಿಕ್ ಇಂಗ್ಲೆಂಡ್ ಸಂಸ್ಥೆ 2020ರ ಜೂನ್‌ನಲ್ಲಿ ಹೊರತಂದ ನಾಲ್ಕನೇ ಮಾರ್ಗದರ್ಶಿ ಟಿಪ್ಪಣಿಯಲ್ಲಿದೆ. ಅದಕ್ಕೂ ಹಿಂದೆ 2008ರಲ್ಲಿ ಅದರ ಹಿಂದಿನ ಸಂಸ್ಥೆ ಇಂಗ್ಲಿಷ್ ಹೆರಿಟೇಜ್ ಪಟ್ಟಿ ಮಾಡಿದ ಏಳು ಪರೀಕ್ಷೆಗಳು ಈಗ ಅಧಿಕೃತವಾಗಿ ಜಾರಿಯಲ್ಲಿಲ್ಲ, ಆದರೆ ಆಕ್ಷೇಪಣೆ ಬರೆಯುವವರಿಗೆ ಅವು ಈಗಲೂ ಒಳ್ಳೆಯ ಕೈಪಿಡಿ.

ನಿಮ್ಮಂಥವರು ಸಾಮಾನ್ಯವಾಗಿ ಮಾಡುವ ತಪ್ಪು, ಹೊಲದ ಸೌಂದರ್ಯ, ಟ್ರಾಫಿಕ್, ಶಾಲೆಯ ಸೀಟು ಇವುಗಳ ಬಗ್ಗೆ ಮೂರು ಪುಟ ಬರೆಯುವುದು. ಅವು ಮುಖ್ಯವೇ, ಆದರೆ ಅವನ್ನು ನೂರು ಜನ ಬರೆದಿರುತ್ತಾರೆ. ಅರ್ಜಿದಾರರ ಕಡೆಯವರು ಹಾಲ್‌ನ ವೈಭವದ ಬಣ್ಣದ ಚಿತ್ರ ತೋರಿಸುತ್ತಾರೆ. ಇಡೀ ಪ್ರಕರಣ ನಿಂತಿರುವುದು ಇವೆರಡರ ಮೇಲೂ ಅಲ್ಲ. 200 ಎಂಬ ಸಂಖ್ಯೆ ಎಲ್ಲಿಂದ ಬಂತು, ಆ ಹಣ ಕಟ್ಟಡಕ್ಕೆ ಸೇರುವುದನ್ನು ಯಾವ ಕಾಗದ ಖಾತ್ರಿ ಮಾಡುತ್ತದೆ ಎಂಬ ಎರಡು ವಿಷಯಗಳ ಮೇಲೆ.

ಮೊದಲು ಸಂಖ್ಯೆ. ಎಲ್ಲದರ ಬುಡ ಸಂರಕ್ಷಣಾ ಕೊರತೆ. ಕಟ್ಟಡದ ಈಗಿನ ಬೆಲೆಗೆ ರಿಪೇರಿಯ ಪೂರ್ತಿ ವೆಚ್ಚ ಸೇರಿಸಿ, ರಿಪೇರಿಯಾದ ಮೇಲೆ ಅದಕ್ಕೆ ಬರುವ ಮಾರುಕಟ್ಟೆ ಬೆಲೆಯನ್ನು ಕಳೆದರೆ ಉಳಿಯುವ ಹಳ್ಳವೇ ಕೊರತೆ. ಇದು ಎಷ್ಟು ಆಳ ಇರಬಹುದು ಎಂಬುದಕ್ಕೆ ನಾರ್ಥಾಂಪ್ಟನ್‌ಶೈರ್‌ನ ಎಪ್‌ಥಾರ್ಪ್ ಹಾಲ್ ನೋಡಿ. ಪಾಳುಬಿದ್ದ ಆ ಗ್ರೇಡ್ 1 ಕಟ್ಟಡವನ್ನು 2004ರಲ್ಲಿ ಸರ್ಕಾರ ಕಡ್ಡಾಯವಾಗಿ ಸ್ವಾಧೀನ ಮಾಡಿಕೊಂಡಿತು. ಸುಮಾರು 80 ಲಕ್ಷ ಪೌಂಡ್ ಸಾರ್ವಜನಿಕ ಹಣ ಅದರ ಮೇಲೆ ಖರ್ಚಾಯಿತು. ಕೊನೆಗೆ ಮಾರಿದಾಗ ಬಂದದ್ದು 25 ಲಕ್ಷ.

ನಿಮ್ಮ ಊರಿನ ಅರ್ಜಿಯ ಅಂಕಿಗಳು ಬೇರೆ ಇರುತ್ತವೆ. ಲೆಕ್ಕ ಹೇಗೆ ಓಡುತ್ತದೆಂದು ತೋರಿಸಲು ಒಂದು ಕಾಲ್ಪನಿಕ ಉದಾಹರಣೆ ಕೊಡುತ್ತೇನೆ. ರಿಪೇರಿ ಕೆಲಸ 48 ಲಕ್ಷ ಪೌಂಡ್. ಅನಿರೀಕ್ಷಿತ ಖರ್ಚಿಗೆ 5 ಲಕ್ಷ. ಆರ್ಕಿಟೆಕ್ಟ್, ಎಂಜಿನಿಯರ್, ಸರ್ವೇಯರ್ ಶುಲ್ಕ 6 ಲಕ್ಷ. ಒಟ್ಟು 59 ಲಕ್ಷದ ಮೇಲೆ ಶೇ 20 ವ್ಯಾಟ್ ಅಂದರೆ 11.8 ಲಕ್ಷ. ಬಡ್ಡಿ 4.2 ಲಕ್ಷ. ಎಲ್ಲ ಸೇರಿ 75 ಲಕ್ಷ. ರಿಪೇರಿಯಾದ ಹಾಲ್‌ನ ಬೆಲೆ 32 ಲಕ್ಷ. ಈಗಿನ ಸ್ಥಿತಿಯಲ್ಲಿ ಅದರ ಬೆಲೆ ಸೊನ್ನೆ ಎಂದಿಟ್ಟುಕೊಳ್ಳೋಣ, ಇಂಥ ಕಟ್ಟಡಗಳಲ್ಲಿ ಬಹುತೇಕ ಹಾಗೇ ಇರುತ್ತದೆ. ಕೊರತೆ 43 ಲಕ್ಷ.

ಈಗ ಹೊಲದ ಕಡೆ. ಒಂದು ಮನೆ 4.5 ಲಕ್ಷಕ್ಕೆ ಮಾರಾಟ. ಕಟ್ಟಲು 2.7 ಲಕ್ಷ, ರಸ್ತೆ, ಚರಂಡಿ, ಕೌನ್ಸಿಲ್ ಶುಲ್ಕ, ಜೀವವೈವಿಧ್ಯ ಶೇ 10 ಹೆಚ್ಚಿಸುವ ಕಡ್ಡಾಯ ಷರತ್ತು ಇವಕ್ಕೆಲ್ಲ 55 ಸಾವಿರ, ಮಾರಾಟ ಮತ್ತು ಬಡ್ಡಿಗೆ 25 ಸಾವಿರ. ಬಿಲ್ಡರ್ ಲಾಭ ಮಾರಾಟ ಬೆಲೆಯ ಶೇ 17.5. ಎಲ್ಲ ಕಳೆದರೆ ಒಂದು ಮನೆಯಿಂದ ಹಾಲ್‌ಗೆ ಸಿಗುವುದು 21,250 ಪೌಂಡ್. 43 ಲಕ್ಷವನ್ನು ಇದರಿಂದ ಭಾಗಿಸಿ: 203 ಮನೆ.

ಇದೇ ಲೆಕ್ಕದಲ್ಲಿ ಬಿಲ್ಡರ್ ಲಾಭ ಒಂದನ್ನೇ ಬದಲಿಸಿ ನೋಡಿ. ಸರ್ಕಾರದ ಮಾರ್ಗಸೂಚಿ ಸಾಮಾನ್ಯವಾಗಿ ಶೇ 15ರಿಂದ 20ರ ನಡುವಿನ ಲಾಭ ಒಪ್ಪುತ್ತದೆ. ಶೇ 15 ಇಟ್ಟರೆ 133 ಮನೆ ಸಾಕು. ಶೇ 20 ಇಟ್ಟರೆ 430 ಮನೆ ಬೇಕು. ಎರಡೂ ಮಾರ್ಗಸೂಚಿಯ ಒಳಗೇ ಇವೆ! ಮಾರಾಟ ಬೆಲೆಯನ್ನು 25 ಸಾವಿರ ಹೆಚ್ಚಿಸಿ 4.75 ಲಕ್ಷ ಮಾಡಿ, ಲಾಭ ಶೇ 17.5ರಲ್ಲೇ ಇರಲಿ: 203 ಇದ್ದದ್ದು 103ಕ್ಕೆ ಇಳಿಯುತ್ತದೆ. ಮನೆ ಬೆಲೆ ಗಗನಕ್ಕೇರಿರುವ ದಕ್ಷಿಣ ಇಂಗ್ಲೆಂಡಿನಲ್ಲಿ ಪ್ರತಿ ಮನೆಗೆ ಉಳಿಯುವ ಮೊತ್ತ ದೊಡ್ಡದು, ಅಲ್ಲಿ ಸಂಖ್ಯೆ ಇಷ್ಟು ಕುಣಿಯುವುದಿಲ್ಲ. ಉತ್ತರದಲ್ಲಿ ಉಳಿಕೆ ತೆಳು, ಅದಕ್ಕೇ ಒಂದೊಂದು ಶೇಕಡಾವಾರೂ ಒಂದೊಂದು ಹೊಲ ತಿನ್ನುತ್ತದೆ. ಆದ್ದರಿಂದ ಅರ್ಜಿಯ ವಯಬಿಲಿಟಿ ವರದಿಯಲ್ಲಿ (ಯೋಜನೆಯ ಖರ್ಚು, ಆದಾಯ, ಲಾಭದ ಲೆಕ್ಕ) ಮೊದಲು ತೆರೆಯಬೇಕಾದ್ದು ಲಾಭದ ಸಾಲು, ಆಮೇಲೆ ಮಾರಾಟ ಬೆಲೆಯ ಸಾಲು. ಆ ಬೆಲೆಗೆ ಆಧಾರವಾಗಿ ಕೊಟ್ಟ ಮನೆಗಳು ಯಾವ ಊರಿನವು, ಯಾವ ವರ್ಷ ಮಾರಿದವು ಎಂದು ಲ್ಯಾಂಡ್ ರಿಜಿಸ್ಟ್ರಿಯ ದಾಖಲೆಯೊಂದಿಗೆ ಹೋಲಿಸಿ. ಅದು ಸಾರ್ವಜನಿಕ ದಾಖಲೆ, ಉಚಿತ. ವಯಬಿಲಿಟಿ ವರದಿ ‘ವಾಣಿಜ್ಯ ಗೋಪ್ಯ’ ಎಂದು ಕೌನ್ಸಿಲ್ ಹೇಳಿದರೆ, ಅಂಥ ವರದಿಗಳು ಸಾರ್ವಜನಿಕವಾಗಿ ಸಿಗಬೇಕು ಎಂದು ರಾಷ್ಟ್ರೀಯ ನೀತಿಯೇ ಹೇಳುವುದನ್ನು ನೆನಪಿಸಿ ಲಿಖಿತವಾಗಿ ಕೇಳಿ.

ಇನ್ನೊಂದು ಬಲೆ ಹಾಲ್‌ನ ‘ಈಗಿನ ಬೆಲೆ’. ಮೇಲಿನ ಉದಾಹರಣೆಯಲ್ಲಿ ಸೊನ್ನೆ ಇದ್ದಲ್ಲಿ ಮಾಲೀಕರು 15 ಲಕ್ಷ ಎಂದು ಬರೆದರೆ ಕೊರತೆ 58 ಲಕ್ಷಕ್ಕೆ ಏರುತ್ತದೆ, ಮನೆಗಳು 273 ಆಗುತ್ತವೆ. ಇಟ್ಟಿಗೆ ಒಂದೂ ಹೆಚ್ಚು ರಿಪೇರಿಯಾಗದೆ 70 ಮನೆ ಜಾಸ್ತಿ. ಹಲವು ಬಾರಿ ಆ 15 ಲಕ್ಷ ಎಂಬುದು ಮಾಲೀಕರು ಕೆಲ ವರ್ಷಗಳ ಹಿಂದೆ ಅತಿಯಾಸೆಯಿಂದ ಕೊಟ್ಟ ಖರೀದಿ ಬೆಲೆ. ಕಟ್ಟಡದ ಅಗತ್ಯಕ್ಕೆ ಮಾತ್ರ ಈ ವಿನಾಯಿತಿ, ಮಾಲೀಕರ ಸಾಲಕ್ಕೂ ಅವರು ಕೊಟ್ಟ ದುಬಾರಿ ಬೆಲೆಗೂ ಅಲ್ಲ. 2008ರ ಪರೀಕ್ಷೆಗಳಲ್ಲಿ ಇದು ಕಡ್ಡಿ ಮುರಿದಂತೆ ಇತ್ತು. ಹಾಗೇ, ಬೇಕೆಂದೇ ಹಾಳುಬಿಟ್ಟ ಪುರಾವೆ ಇದ್ದರೆ ಕಟ್ಟಡದ ಹದಗೆಟ್ಟ ಸ್ಥಿತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಎಂದು ಈಗಿನ ರಾಷ್ಟ್ರೀಯ ನೀತಿಯ 209ನೇ ಪ್ಯಾರಾ ಹೇಳುತ್ತದೆ. ಇದನ್ನು ಸಾಬೀತು ಮಾಡುವುದು ಕಷ್ಟ. ಹಳೆಯ ಫೋಟೊ, ಕೌನ್ಸಿಲ್ ಹಿಂದೆ ಕೊಟ್ಟ ತುರ್ತು ರಿಪೇರಿ ನೋಟಿಸ್, ಅದಕ್ಕೆ ಬಂದ ಉತ್ತರ ಇವು ಇದ್ದರೆ ಮಾತ್ರ ಎತ್ತಿ.

ವ್ಯಾಟ್ ಬಗ್ಗೆ ಒಂದು ಮಾತು. ಹೊಸ ಮನೆ ಕಟ್ಟಿದರೆ ವ್ಯಾಟ್ ಸೊನ್ನೆ, ಹಳೆಯದನ್ನು ರಿಪೇರಿ ಮಾಡಿದರೆ ಶೇ 20. ಪಟ್ಟಿಯಲ್ಲಿರುವ ಮನೆಗಳಿಗೆ ಅನುಮತಿ ಪಡೆದು ಮಾಡುವ ಮಾರ್ಪಾಡಿಗೆ ಇದ್ದ ರಿಯಾಯಿತಿಯನ್ನೂ 2012ರ ಅಕ್ಟೋಬರ್‌ನಲ್ಲಿ ತೆಗೆದರು. ನಮ್ಮ ಉದಾಹರಣೆಯ 203 ಮನೆಗಳಲ್ಲಿ 56 ಮನೆ ಕಟ್ಟುವುದು ಬರೀ ವ್ಯಾಟ್ ತುಂಬಲಿಕ್ಕೆ! ಪರಂಪರೆ ಉಳಿಸಿ ಎನ್ನುವ ಸರ್ಕಾರವೇ ಹೀಗೆ ತೆರಿಗೆ ಹಾಕುವುದು ವಿಚಿತ್ರ, ಆದರೆ ಅದಕ್ಕೆ ಮಾಲೀಕರನ್ನು ದೂರುವಂತಿಲ್ಲ. ನೀವು ನೋಡಬೇಕಾದ್ದು ಬೇರೆ: ರಿಪೇರಿಯಾದ ಹಾಲ್ ಹೋಟೆಲ್ ಆಗುವುದಾದರೆ ಆ ವ್ಯಾಪಾರ ಸಂಸ್ಥೆ ರಿಪೇರಿಯ ವ್ಯಾಟ್ ವಾಪಸ್ ಪಡೆಯಬಹುದು. ವಾಪಸ್ ಬರುವ ಹಣವನ್ನು ಕೊರತೆಯಲ್ಲಿ ಸೇರಿಸಿದ್ದಾರೆಯೇ ಎಂದು ಕೇಳಿ. ಹಾಲನ್ನು ವಾಸದ ಫ್ಲ್ಯಾಟ್‌ಗಳಾಗಿ ಮಾಡುವುದಾದರೆ ತೆರಿಗೆ ಲೆಕ್ಕ ಬೇರೆ, ಅದನ್ನು ಕೌನ್ಸಿಲ್ ನೇಮಿಸಿದ ಸ್ವತಂತ್ರ ಪರಿಶೀಲಕರಿಗೆ ಬಿಡಿ.

ರಿಪೇರಿಯ ಪಟ್ಟಿಯನ್ನೂ ಸುಮ್ಮನೆ ಒಪ್ಪಬೇಡಿ. ‘ಚಾವಣಿ ದುರಸ್ತಿ: 9 ಲಕ್ಷ’ ಎಂಬ ಒಂದೇ ಸಾಲು ಇದ್ದರೆ ಅದು ಅಂದಾಜಲ್ಲ, ಊಹೆ. ಸರಿಯಾದ ಪಟ್ಟಿಯಲ್ಲಿ ಎಷ್ಟು ಚದರ ಮೀಟರ್ ಸೀಸದ ತಗಡು, ಯಾವ ಕೋಡ್, ಗೋಡೆಯಂಚಿನ ದೋಣಿ (ಮಳೆನೀರಿನ ಕಾಲುವೆ) ಎಷ್ಟು ಮೀಟರ್, ಕೊಳೆತ ತೊಲೆ ಎಷ್ಟು, ಸಾರುವೆಯ (ಸ್ಕ್ಯಾಫೋಲ್ಡಿಂಗ್) ಬಾಡಿಗೆ ಎಷ್ಟು ವಾರಕ್ಕೆ ಎಂಬುದೆಲ್ಲ ಬಿಡಿಬಿಡಿಯಾಗಿ ಇರುತ್ತದೆ. ಕೋಡ್ 7 ಅಂದರೆ 3.15 ಮಿ.ಮೀ. ದಪ್ಪ, ಕೋಡ್ 8 ಅಂದರೆ 3.55 ಮಿ.ಮೀ. ಹಿಂದಿನವರು ದೋಣಿಗೆ ಉದ್ದುದ್ದ ತಗಡು ಹಾಸಿರುತ್ತಾರೆ. ಬಿಸಿಲಿಗೆ ಹಿಗ್ಗಿ, ಚಳಿಗೆ ಕುಗ್ಗಿ ಅದು ಮಧ್ಯದಲ್ಲಿ ಸೀಳುತ್ತದೆ, ನೀರು ತೊಲೆಯ ತುದಿಗೆ ಇಳಿಯುತ್ತದೆ, ಅಲ್ಲಿಂದ ಡ್ರೈ ರಾಟ್ ಎಂಬ ಶಿಲೀಂಧ್ರ ಗೋಡೆಯೊಳಗೇ ಹರಡುತ್ತದೆ. ಇದನ್ನು ಸರಿಪಡಿಸಲು ಚಿಕ್ಕ ತುಂಡುಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಹಾಸಬೇಕು, ಅದಕ್ಕೆ ಕೆಳಗಿನ ಮರದ ಹಲಗೆಯ ಇಳಿಜಾರನ್ನೇ ಬದಲಿಸಬೇಕು. ಇದು ಪಟ್ಟಿಯಲ್ಲಿ ಇಲ್ಲದಿದ್ದರೆ ಖರ್ಚು ಮುಂದೆ ಏರುವುದು ಖಚಿತ, ಏರಿದಾಗ ‘ಇನ್ನೂ 40 ಮನೆ ಬೇಕು’ ಎಂಬ ಎರಡನೇ ಅರ್ಜಿಯೂ ಖಚಿತ. ತೋರಿಸಿದ ಖರ್ಚು ಅತಿ ಕಡಿಮೆ ಇದ್ದರೂ ಅನುಮಾನಪಡಬೇಕು ಎನ್ನುವುದು ಅದಕ್ಕೇ. ಇನ್ನು ಬಾಲ್‌ರೂಂಗೆ ಹೊಸ ದೀಪಗುಚ್ಛ, ಈಜುಕೊಳ, ಮಾಲೀಕರ ವಾಸದ ಭಾಗಕ್ಕೆ ಐಷಾರಾಮಿ ಅಡುಗೆಮನೆ ಇವು ಸಂರಕ್ಷಣೆಯಲ್ಲ, ಪಟ್ಟಿಯಲ್ಲಿ ಕಂಡರೆ ಗುರುತು ಹಾಕಿ.

ಕೊರತೆ ನಿಜವೇ ಎಂದಾದರೂ ಅದನ್ನು ತುಂಬಲು ಮನೆಗಳೇ ಕೊನೆಯ ದಾರಿ ಆಗಿರಬೇಕು. ಹಾಲನ್ನು ಈಗಿನ ಸ್ಥಿತಿಗೆ ತಕ್ಕ ಬೆಲೆಗೆ ಮಾರುಕಟ್ಟೆಗೆ ಇಟ್ಟು ಕನಿಷ್ಠ 6 ತಿಂಗಳು ಕಾದಿದ್ದಾರೆಯೇ? ‘ತಕ್ಕ ಬೆಲೆ’ ಎಂಬುದೇ ಇಲ್ಲಿ ಕೀಲಿ, ಮೂರು ಪಟ್ಟು ಬೆಲೆ ಹೇಳಿ ಯಾರೂ ಬರಲಿಲ್ಲ ಎಂದರೆ ನಡೆಯದು. ನ್ಯಾಷನಲ್ ಲಾಟರಿ ಹೆರಿಟೇಜ್ ಫಂಡ್, ಹಿಸ್ಟಾರಿಕ್ ಇಂಗ್ಲೆಂಡ್ ಅನುದಾನ, ಕಟ್ಟಡ ಸಂರಕ್ಷಣಾ ಟ್ರಸ್ಟ್‌ಗಳು ಇವರನ್ನು ಕೇಳಿದ್ದಾರೆಯೇ? ಸೌತ್ ಯಾರ್ಕ್‌ಶೈರ್‌ನ ವೆಂಟ್‌ವರ್ತ್ ವುಡ್‌ಹೌಸ್ ಎಂಬ ಭಾರಿ ಅರಮನೆಯನ್ನು 2017ರಲ್ಲಿ ಒಂದು ಟ್ರಸ್ಟ್ 70 ಲಕ್ಷ ಪೌಂಡಿಗೆ ಕೊಂಡಿತು, ತುರ್ತು ರಿಪೇರಿಗೆ ಸರ್ಕಾರ 76 ಲಕ್ಷ ಕೊಟ್ಟಿತು. ಅಂಥ ಅದೃಷ್ಟ ಎಲ್ಲ ಹಾಲ್‌ಗಳಿಗೂ ಬರುವುದಿಲ್ಲ, ಖಾಸಗಿ ಮಾಲೀಕರಿಗೆ ಅನುದಾನ ಸಿಗುವುದು ಇನ್ನೂ ಕಷ್ಟ. ಆದರೆ ಪ್ರಯತ್ನಿಸಿದ ಪತ್ರವ್ಯವಹಾರ ಕಡತದಲ್ಲಿ ಇರಲೇಬೇಕು. ಹೊಲ ಹಾಲ್‌ಗೆ ಅಂಟಿಕೊಂಡೇ ಇರಬೇಕೆಂದೂ ಇಲ್ಲ. ಮಾಲೀಕರಿಗೆ ಬೇರೆಡೆ ಜಮೀನಿದ್ದು, ಅದು ಗ್ರೀನ್ ಬೆಲ್ಟ್ ಹೊರಗಿದ್ದರೆ, ಅಲ್ಲೇಕೆ ಕಟ್ಟುವುದಿಲ್ಲ ಎಂದು ಕೇಳುವುದು ನ್ಯಾಯವಾದ ಪ್ರಶ್ನೆ. ಹಾಲ್ ಉಳಿಸುವ ಹೆಸರಿನಲ್ಲಿ ಅದರ ಮುಂದಿನ ಮರಸಾಲಿನ ನೋಟಕ್ಕೇ ಅಡ್ಡಲಾಗಿ ಮನೆ ಎಬ್ಬಿಸಿದರೆ ಲಾಭವೇನು?

ಗ್ರೀನ್ ಬೆಲ್ಟ್ ವಿಚಾರದಲ್ಲಿ 2024ರ ಡಿಸೆಂಬರ್ ನಂತರ ಆಟ ಸ್ವಲ್ಪ ಬದಲಾಗಿದೆ. ಅಲ್ಲಿ ಮನೆ ಕಟ್ಟಲು ‘ಬಹು ವಿಶೇಷ ಸಂದರ್ಭ’ ತೋರಿಸಬೇಕು ಎಂಬುದು ಹಳೆಯ ನಿಯಮ, ಈಗಲೂ ಇದೆ, 153ನೇ ಪ್ಯಾರಾ. ಹೊಸದಾಗಿ ಬಂದದ್ದು ಗ್ರೇ ಬೆಲ್ಟ್: ಗ್ರೀನ್ ಬೆಲ್ಟ್‌ನ ಮುಖ್ಯ ಉದ್ದೇಶಗಳಿಗೆ ಅಷ್ಟೇನೂ ಕೆಲಸ ಮಾಡದ ಜಾಗ. ಹಳ್ಳಿಯಂಚಿನ ಬಹಳಷ್ಟು ಹೊಲಗಳು ಈ ವರ್ಗಕ್ಕೆ ಬೀಳಬಹುದು, ಪಾರಂಪರಿಕ ಕಟ್ಟಡದಂಥ ಬಲವಾದ ಕಾರಣ ಅಡ್ಡ ಬರದಿದ್ದರೆ. ನಿಮ್ಮ ಹೊಲ ಗ್ರೇ ಬೆಲ್ಟ್ ಎಂದು ತೀರ್ಮಾನವಾಗಿ ಉಳಿದ ಷರತ್ತುಗಳೂ ಕೂಡಿಬಂದರೆ ಹಾಲ್ ನೆಪವಿಲ್ಲದೆಯೇ ಅಲ್ಲಿ ಮನೆ ಕಟ್ಟಬಹುದು. ಆದರೆ ಆಗ ಸ್ಥಳೀಯ ನಿಯಮ ಕೇಳುವ ಶೇಕಡಾವಾರಿಗಿಂತ 15 ಅಂಶ ಹೆಚ್ಚು, ಗರಿಷ್ಠ ಶೇ 50ರವರೆಗೆ, ಕೈಗೆಟುಕುವ ಬೆಲೆಯ ಮನೆ ಕೊಡಬೇಕು. ಎನೇಬ್ಲಿಂಗ್ ಅರ್ಜಿಗಳಲ್ಲಿ ಸಾಮಾನ್ಯವಾಗಿ ಅಂಥ ಮನೆ ಒಂದೂ ಇರುವುದಿಲ್ಲ, ಏಕೆಂದರೆ ಅಗ್ಗದ ಮನೆಯಿಂದ ಹಾಲ್‌ಗೆ ಹಣ ಹುಟ್ಟುವುದಿಲ್ಲ. ಕೆಲವು ಅರ್ಜಿದಾರರು ಎರಡನ್ನೂ ಹಿಡಿಯಲು ನೋಡುತ್ತಾರೆ: ಜಾಗ ಗ್ರೇ ಬೆಲ್ಟ್, ಆದ್ದರಿಂದ ಕಟ್ಟಬಹುದು, ಹಾಲ್‌ಗೆ ಹಣ ಬೇಕು, ಆದ್ದರಿಂದ ಅಗ್ಗದ ಮನೆ ಕೊಡಲಾಗದು. ನೀತಿಗೆ ಹೊಂದುವ ಜಾಗವಾದರೆ ಎನೇಬ್ಲಿಂಗ್ ಎಂಬ ವಾದವೇ ಬೇಕಿಲ್ಲ. ಯಾವ ದೋಣಿಯಲ್ಲಿ ಕಾಲಿಟ್ಟಿದ್ದೀರಿ ಎಂದು ಕೌನ್ಸಿಲ್ ಸ್ಪಷ್ಟವಾಗಿ ಕೇಳಬೇಕು, ಕೇಳುವಂತೆ ನೀವು ಬರೆಯಬೇಕು.

ಬೋಲ್ಟನ್ ಬಳಿಯ ಹಲ್ಟನ್ ಪಾರ್ಕ್ ಇದಕ್ಕೆ ಹತ್ತಿರದ ದೊಡ್ಡ ಉದಾಹರಣೆ. ಗ್ರೀನ್ ಬೆಲ್ಟ್‌ನಲ್ಲಿರುವ, ಗ್ರೇಡ್ 2 ನೋಂದಾಯಿತ ಉದ್ಯಾನ. ಅದರ ಹಾಲ್ 1950ರ ದಶಕದಲ್ಲೇ ನೆಲಸಮವಾಗಿತ್ತು. ಅಲ್ಲಿ ರೈಡರ್ ಕಪ್ ಮಟ್ಟದ ಗಾಲ್ಫ್ ಮೈದಾನ, 1,036 ಮನೆ, ಜೊತೆಗೆ ಉದ್ಯಾನದ ಪುನಶ್ಚೇತನ ಎಂಬ ಯೋಜನೆಗೆ ಸಾರ್ವಜನಿಕ ವಿಚಾರಣೆಯ ನಂತರ 2020ರ ಜುಲೈನಲ್ಲಿ ಸಚಿವರ ಒಪ್ಪಿಗೆ ಸಿಕ್ಕಿತು. ತೂಕ ಬಿದ್ದದ್ದು ಮುಖ್ಯವಾಗಿ ರೈಡರ್ ಕಪ್‌ನ ಆರ್ಥಿಕ ಲಾಭಕ್ಕೆ, ಅದಕ್ಕೇ ಆ ಪಂದ್ಯಾವಳಿ ಸಿಕ್ಕರೆ ಮಾತ್ರ ಯೋಜನೆ ಎಂದು ಕಟ್ಟಿಹಾಕಿದರು. ವಾಗ್ದಾನ ಯಾವುದೋ ಅದಕ್ಕೇ ಅನುಮತಿಯನ್ನು ಗಂಟು ಹಾಕುವ ಈ ಕ್ರಮ ನಿಮ್ಮ ಊರಿಗೂ ಬೇಕು.

ಅದನ್ನು ಮಾಡುವ ಕಾಗದವೇ ಮಾಲೀಕರು ಕೌನ್ಸಿಲ್ ಜೊತೆ ಮಾಡಿಕೊಳ್ಳುವ, ಕಾನೂನಿನಂತೆ ಬದ್ಧವಾದ ಸೆಕ್ಷನ್ 106 ಒಪ್ಪಂದ. ಎನೇಬ್ಲಿಂಗ್ ಯೋಜನೆ ಕೆಡುವುದು ಬಹುಪಾಲು ಇಲ್ಲೇ: ಮನೆಗಳು ಎದ್ದು ಮಾರಾಟವಾಗುತ್ತವೆ, ಬಿಲ್ಡರ್ ಕಂಪನಿ ದಿವಾಳಿಯಾಗುತ್ತದೆ ಅಥವಾ ಕೈತೊಳೆದುಕೊಳ್ಳುತ್ತದೆ, ಹಾಲ್ ಮಾತ್ರ ಪ್ಲಾಸ್ಟಿಕ್ ಹೊದ್ದು ನಿಂತಿರುತ್ತದೆ. ‘ಎಲ್ಲ ಮನೆ ಮುಗಿಯುವ ಮೊದಲು ರಿಪೇರಿ ಮುಗಿಸತಕ್ಕದ್ದು’ ಎಂಬ ವಾಕ್ಯ ಕಂಡರೆ ಎಚ್ಚರ, ಕೊನೆಯ ಎರಡು ಮನೆ ಕಟ್ಟದೇ ಬಿಟ್ಟರೆ ಆ ಷರತ್ತು ಸತ್ತಂತೆ. ಹಂತಗಳು ಮುಂದೆ ಇರಬೇಕು. ಮೊದಲ ಮನೆಗೆ ಅಡಿಪಾಯ ಹಾಕುವ ಮೊದಲೇ ತಾತ್ಕಾಲಿಕ ಹೊದಿಕೆ ಮತ್ತು ತುರ್ತು ಕೆಲಸ, ಕಾಲು ಭಾಗ ಮನೆಗಳಿಗೆ ಜನ ಬರುವ ಮೊದಲು ಚಾವಣಿ ಪೂರ್ತಿ, ಅರ್ಧಕ್ಕೆ ಮೊದಲು ಹೊರಗೋಡೆ ಮತ್ತು ಕಿಟಕಿ, ಮುಕ್ಕಾಲಿಗೆ ಮೊದಲು ಎಲ್ಲ. ‘ಪೂರ್ತಿ’ ಎಂಬುದನ್ನು ಪ್ರಮಾಣೀಕರಿಸುವವರು ಮಾಲೀಕರ ಆರ್ಕಿಟೆಕ್ಟ್ ಆಗಿರಬಾರದು. ಹಣ ಮನೆ ಮಾರಾಟದಿಂದಲೇ ಬರಬೇಕಲ್ಲ, ಮೊದಲೇ ರಿಪೇರಿ ಹೇಗೆ ಎಂದು ಅವರು ಕೇಳುತ್ತಾರೆ. ನಿಜವಾದ ತೊಡಕು. ಉತ್ತರ ಬ್ಯಾಂಕ್ ಬಾಂಡ್ (ಕೆಲಸ ಮುಗಿಯದಿದ್ದರೆ ಬ್ಯಾಂಕೇ ಹಣ ಕೊಡುವ ಖಾತ್ರಿ) ಅಥವಾ ಎಸ್ಕ್ರೋ ಖಾತೆ (ಕೆಲಸಕ್ಕೆ ಮಾತ್ರ ಬಿಡುಗಡೆಯಾಗುವಂತೆ ಮೂರನೆಯವರ ಬಳಿ ಇಟ್ಟ ಹಣ). ಅದರ ಬಡ್ಡಿ ಲೆಕ್ಕದಲ್ಲಿ ಸೇರಿ ನಾಲ್ಕಾರು ಮನೆ ಹೆಚ್ಚಾದರೂ ಒಪ್ಪಿಕೊಳ್ಳುವುದು ಮೇಲು.

ಒಪ್ಪಂದ ಹೊಲ ಮತ್ತು ಹಾಲ್ ಎರಡರ ಹಕ್ಕುಪತ್ರಕ್ಕೂ ಅಂಟಿರಬೇಕು, ಅಡಮಾನ ಇಟ್ಟುಕೊಂಡ ಬ್ಯಾಂಕೂ ಸಹಿ ಹಾಕಿರಬೇಕು. ಹಾಲ್ ಒಂದು ಕಂಪನಿಯ ಹೆಸರಲ್ಲಿ, ಹೊಲ ಇನ್ನೊಂದರ ಹೆಸರಲ್ಲಿ ಇದ್ದು ಒಂದೇ ಬದಿ ಸಹಿ ಬಿದ್ದರೆ ಆಮೇಲೆ ಕೈ ಕಟ್ಟಿದಂತೆ. ಮನೆ ಬೆಲೆ ನಿರೀಕ್ಷೆಗಿಂತ ಏರಿದರೆ ಹೆಚ್ಚುವರಿ ಹಣ ಹಾಲ್‌ನ ನಿರ್ವಹಣಾ ನಿಧಿಗೆ ಹೋಗುವ ಷರತ್ತು ಕೇಳಿ. ಇನ್ನೂ ಒಂದು ಸೂಕ್ಷ್ಮ: 5 ವರ್ಷ ಕಳೆದ ಮೇಲೆ ಸೆಕ್ಷನ್ 106 ಷರತ್ತನ್ನು ಬದಲಿಸಿ ಎಂದು ಮಾಲೀಕರು ಅರ್ಜಿ ಹಾಕಬಹುದು, ಕೌನ್ಸಿಲ್ ಒಪ್ಪದಿದ್ದರೆ ಮೇಲ್ಮನವಿಗೂ ಹೋಗಬಹುದು. ರಿಪೇರಿಯ ವೇಳಾಪಟ್ಟಿ ಆರೇಳು ವರ್ಷಕ್ಕೆ ಚಾಚಿದ್ದರೆ ಅದು ಕಾಕತಾಳೀಯ ಎಂದು ನಂಬುವ ಅಗತ್ಯವಿಲ್ಲ.

ಕರ್ನಾಟಕದ ಮಾತು. ಎಎಸ್‌ಐ (ಕೇಂದ್ರದ ಪುರಾತತ್ವ ಇಲಾಖೆ) ರಕ್ಷಿತ ಸ್ಮಾರಕಗಳ ಸುತ್ತ ಇಂಥ ವಿನಿಮಯಕ್ಕೆ ಜಾಗವೇ ಇಲ್ಲ. 2010ರ ತಿದ್ದುಪಡಿಯ ಪ್ರಕಾರ ಸ್ಮಾರಕದ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು. ಖಾಸಗಿ ವಾಡೆ, ತೊಟ್ಟಿಮನೆಗಳಿಗೆ ಹತ್ತಿರದ ಉದಾಹರಣೆ ಮುಂಬೈಯದು: 1995ರ ಪಾರಂಪರಿಕ ನಿಯಮದಡಿ, ಪಟ್ಟಿಯಲ್ಲಿರುವ ಕಟ್ಟಡದ ಮಾಲೀಕರು ಬಳಸಲಾಗದ ನಿರ್ಮಾಣ ಹಕ್ಕನ್ನು ಟಿಡಿಆರ್ (ಬೇರೆಡೆಗೆ ವರ್ಗಾಯಿಸಬಹುದಾದ ನಿರ್ಮಾಣ ಹಕ್ಕು) ಆಗಿ ಪಡೆಯಲು ಅವಕಾಶ. ಬೆಂಗಳೂರಿನವರಿಗೆ ಟಿಡಿಆರ್ ಎಂದರೆ ರಸ್ತೆ ಅಗಲೀಕರಣಕ್ಕೆ ಜಾಗ ಬಿಟ್ಟವರಿಗೆ ಕೊಡುವ ಕಾಗದ ಎಂದೇ ಪರಿಚಯ. ಇಂಗ್ಲೆಂಡಿನ ಪದ್ಧತಿಯಂತೆ ಒಂದು ಕಟ್ಟಡದ ರಿಪೇರಿ ಬಿಲ್ಲಿಗೆ ಸರಿಯಾಗಿ ಮನೆ ಎಣಿಸುವ ಲೆಕ್ಕ ಅದರಲ್ಲಿಲ್ಲ.

ಇನ್ನು ನಿಮ್ಮ ಪತ್ರ. ಸಾರ್ವಜನಿಕ ಅಭಿಪ್ರಾಯಕ್ಕೆ ಸಾಮಾನ್ಯವಾಗಿ 21 ದಿನ ಗಡುವು, ತಡವಾದರೂ ನಿರ್ಧಾರಕ್ಕೆ ಮೊದಲು ಬಂದ ಪತ್ರವನ್ನು ಸಾಮಾನ್ಯವಾಗಿ ಓದುತ್ತಾರೆ. ವಯಬಿಲಿಟಿ ವರದಿಯ ಪುಟ ಸಂಖ್ಯೆ ಕೊಟ್ಟು, ಲಾಭ, ಮಾರಾಟ ಬೆಲೆ, ಈಗಿನ ಬೆಲೆ, ವ್ಯಾಟ್ ಈ ನಾಲ್ಕು ಸಾಲುಗಳನ್ನೇ ಪ್ರಶ್ನಿಸಿ ಎರಡು ಪುಟಕ್ಕೆ ಮುಗಿಸಿ. ‘ಈ ಅಂಕಿಗಳನ್ನು ಸ್ವತಂತ್ರ ಕ್ವಾಂಟಿಟಿ ಸರ್ವೇಯರ್ ಮತ್ತು ಮೌಲ್ಯಮಾಪಕರಿಂದ, ಅರ್ಜಿದಾರರ ಖರ್ಚಿನಲ್ಲಿ ಪರಿಶೀಲಿಸಲಾಗಿದೆಯೇ?’ ಎಂಬ ಒಂದು ವಾಕ್ಯ ಹತ್ತು ಪ್ಯಾರಾ ಸಿಟ್ಟಿಗೆ ಸಮ. ಕೌನ್ಸಿಲ್ ಒಪ್ಪುವ ಮನಸ್ಸು ಮಾಡಿದರೂ, ಗ್ರೀನ್ ಬೆಲ್ಟ್‌ನಲ್ಲಿ 1,000 ಚದರ ಮೀಟರ್ ಮೀರಿದ ಇಂಥ ನಿರ್ಮಾಣವನ್ನು ಮೊದಲು ಸಚಿವರ ಗಮನಕ್ಕೆ ತರಬೇಕು, ಆ ಹೊತ್ತಿನಲ್ಲಿ ಅರ್ಜಿಯನ್ನು ತಮ್ಮ ಕೈಗೆ ತೆಗೆದುಕೊಳ್ಳಿ ಎಂದು ನೀವೂ ಸಚಿವರಿಗೆ ಬರೆಯಬಹುದು. ಅನುಮತಿ ಸಿಕ್ಕಿಬಿಟ್ಟರೆ ನೆರೆಹೊರೆಯವರಿಗೆ ಮೇಲ್ಮನವಿಯ ಹಕ್ಕಿಲ್ಲ. ಉಳಿಯುವುದು ಹೈಕೋರ್ಟಿನಲ್ಲಿ ಜುಡಿಷಿಯಲ್ ರಿವ್ಯೂ, ಅದಕ್ಕೆ ನಿರ್ಧಾರದ ದಿನದಿಂದ 6 ವಾರ ಗಡುವು. ಅಲ್ಲಿ ಮನೆಗಳ ಸಂಖ್ಯೆ ಸರಿಯೋ ತಪ್ಪೋ ಎಂದು ಕೇಳುವುದಿಲ್ಲ, ಕೌನ್ಸಿಲ್ ನೀತಿಯನ್ನು ಸರಿಯಾಗಿ ಅರ್ಥ ಮಾಡಿಕೊಂಡಿತೇ, ನೋಡಬೇಕಾದ್ದನ್ನು ನೋಡಿತೇ ಎಂಬುದಷ್ಟೇ ಪ್ರಶ್ನೆ. ಹಾಗಾಗಿ ಅಂಕಿಯ ತಕರಾರೆಲ್ಲ ಈಗಲೇ, ಕೌನ್ಸಿಲ್‌ನ ಪ್ಲಾನಿಂಗ್ ಕಮಿಟಿಯ ಮುಂದೆಯೇ ಆಗಬೇಕು.